ಕೂಸಿನ್ನ ಯಾರ ಕಡೆ ಬಿಟ್ಟ ಬಂದಿ?

16 ಜೂನ್ 2024, ಭಾನುವಾರ. ಹುಕ್ಕೇರಿ

ಕೂಸನ್ನು ಅವ್ವನ ಕಡೆ ಬಿಡಲು ಬಂದಿದ್ದೇನೆ. ಮಂಗಳವಾರ ಬೆಳಗಾವಿಯಲ್ಲಿ ನೆಟ್ ಪರೀಕ್ಷೆ. ಮೂಡಲಗಿಯಲ್ಲಿ ಅತ್ತಿ ಇಟ್ಟುಕೊಳ್ಳುತ್ತಿದ್ದರು. ಆದರೆ ಮನೆಯ ಎಮ್ಮೆ ಇಂದೋ ನಾಳೆಯೋ ಈಯುವುದಿದೆ. "ಎರಡೂ ನನ್ನ ಕೈಲೆ ಆಗೂದಿಲ್ಲವಾ, ಒಂದನ್ನ ನೀ ಒಯ್ಯಿ" ಅಂದರು. ಎಮ್ಮೆಯನ್ನು ಬಸ್ಸಿಗೆ ಹತ್ತಿಸಲಾಗುವುದಿಲ್ಲ.

ನಮ್ಮದು ಮೂರೂರಿನ ಸಂಸಾರ. ಭಾಡಿಗಿ ಖೋಲಿ ಗೋಕಾಕದಲ್ಲಿ, ಗಂಡನ ಮನೆ ಮೂಡಲಗಿ, ತವರು ಹುಕ್ಕೇರಿ. ನಾನು ಕಾಲೇಜೊಂದರಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಇವರು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಪಾಳಿ ಮಾಡುತ್ತಾರೆ. ಕೂಸಿನ ಬಟ್ಟೆ, ಲೋಟ, ಕೌದಿ ಮೂರೂ ಕಡೆ ಒಂದೊಂದು ಜೊತೆ ಇವೆ. ಯಾವ ಊರಿನಲ್ಲಿ ಎದ್ದರೂ ಅವಳು ಮೊದಲು ತನ್ನ ಲೋಟ ಎಲ್ಲಿದೆ ಎಂದು ನೋಡುತ್ತಾಳೆ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆಗೆ ಮೊನ್ನೆ 11ಕ್ಕೆ ವರ್ಷ ತುಂಬಿತು. ಹೆಂಗಸರು ಸುಮ್ಮನೆ ತಿರುಗುತ್ತಾರೆ ಎಂದು ಹಿಂದಿನ ಸೀಟಿನ ಗಂಡಸರು ಗೊಣಗುತ್ತಿದ್ದರು. ನಾನೂ ಹಾಗೆ ಸುಮ್ಮನೆ ತಿರುಗುವವಳೇ. ಟಿಕೆಟ್ಟಿಗೆ ದುಡ್ಡು ಕೊಡಬೇಕಾಗಿದ್ದರೆ ಈ ಮೂರೂರಿನ ಏರ್ಪಾಡು ಎಂದೋ ಮುರಿದು ಬೀಳುತ್ತಿತ್ತು. ತರಗತಿ ಇಲ್ಲದ ತಿಂಗಳಲ್ಲಿ ನಮಗೆ ಗೌರವಧನವೂ ಇಲ್ಲ.

ಕೂಸು ಹುಟ್ಟಿದ್ದು 2021ರ ಡಿಸೆಂಬರಿನಲ್ಲಿ. ಆಗ ರಾಜ್ಯದ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿ ಕೂತಿದ್ದರು. ನನ್ನ ಹೆರಿಗೆ ರಜೆ ಎಂದರೆ ಆ ಮುಷ್ಕರವೇ. 2022ರ ಜನವರಿಯಲ್ಲಿ ಆದೇಶ ಬಂತು: ಯುಜಿಸಿ ಅರ್ಹತೆ ಇದ್ದವರಿಗೆ ತಿಂಗಳಿಗೆ 30ರಿಂದ 32 ಸಾವಿರ, ಇಲ್ಲದವರಿಗೆ 26ರಿಂದ 28 ಸಾವಿರ, ವಾರಕ್ಕೆ 15 ತಾಸು ಪಾಠ. ಹಲವರು ಕೆಲಸಕ್ಕೆ ಮರಳಿದರು. ನಾನೂ ಮರಳಿದೆ, ಬಾಣಂತಿಯ ಸ್ಕಾರ್ಫ್ ಕಿವಿಗೆ ಸುತ್ತಿಕೊಂಡೇ.

ಅರ್ಹತೆ ಎಂದರೆ ನೆಟ್, ಕೆಸೆಟ್ ಇಲ್ಲವೇ ಪಿಎಚ್.ಡಿ. ಮೂರೂ ಇಲ್ಲದ್ದರಿಂದ ಮೂರರ ಬೆನ್ನೂ ಹತ್ತಿದ್ದೇನೆ.

18 ಜೂನ್, ಮಂಗಳವಾರ. ರಾತ್ರಿ, ಗೋಕಾಕ

ನನ್ನದು ಮಧ್ಯಾಹ್ನದ ಪಾಳಿ, ಮೂರರಿಂದ ಆರು. ಗೇಟಿನ ಹೊರಗೆ ಒಂದು ಬೇವಿನ ಗಿಡ. ಅದರ ಕೆಳಗೆ ಪರೀಕ್ಷೆಗೆ ಕೂತವರ ಮಕ್ಕಳು, ಅವರನ್ನು ಹಿಡಿದುಕೊಂಡ ಅಜ್ಜಿಯರು. ಒಬ್ಬ ಗಂಡ ಬಾಟಲಿ ಅಲ್ಲಾಡಿಸುತ್ತ ಅತ್ತಿಂದಿತ್ತ ಓಡಾಡುತ್ತಿದ್ದ. ಹೋಗುವ ಬರುವ ಹೆಂಗಸರೆಲ್ಲ ಅವನನ್ನು ಮೆಚ್ಚಿ ನೋಡಿದರು. ಪಕ್ಕದಲ್ಲೇ ಅದೇ ಕೆಲಸ ಮಾಡುತ್ತಿದ್ದ ಮುದುಕಿಯನ್ನು ಯಾರೂ ನೋಡಲಿಲ್ಲ.

ಎರಡನೇ ಪತ್ರಿಕೆ ಚೆನ್ನಾಗಿ ಆಯಿತು. ಹಳಗನ್ನಡದ ಪ್ರಶ್ನೆಗಳು ಕೈ ಹಿಡಿದವು. ಮೊದಲ ಪತ್ರಿಕೆಯ ಲೆಕ್ಕಗಳಲ್ಲಿ ಸಮಯ ಹೋಯಿತು. ವರ್ಷಗಟ್ಟಲೆ ಆದಮೇಲೆ ಮೂರು ತಾಸು ಯಾರೂ ಕರೆಯದೆ ಒಂದೇ ಕಡೆ ಕೂತಿದ್ದೆ. ಅದೇ ಒಂದು ಸುಖ ಅನ್ನಿಸಿತು.

20 ಜೂನ್, ಗುರುವಾರ

ನಿನ್ನೆ ರಾತ್ರಿ ಪರೀಕ್ಷೆಯನ್ನೇ ರದ್ದು ಮಾಡಿದ್ದಾರೆ. ದೇಶದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಮಂದಿ ಬರೆದ ಪರೀಕ್ಷೆ ಒಂದೇ ದಿನಕ್ಕೆ ಇಲ್ಲವಾಯಿತು. ಪತ್ರಿಕೆ ಸೋರಿದೆ ಎಂಬ ಅನುಮಾನವಂತೆ, ಅದರ ಸ್ಕ್ರೀನ್‌ಶಾಟ್ ಹರಿದಾಡಿತ್ತಂತೆ. ಅವ್ವ ಫೋನಿನಲ್ಲಿ, "ಮತ್ತ ಬರೀಬೇಕೇನವಾ? ಮತ್ತ ಕೂಸಿನ್ನ ತರ್ತಿ ಅಂದಂಗಾತು. ತಾ. ಮುಂಚಿತ ಹೇಳು" ಎಂದಳು.

12 ಜುಲೈ, ಶುಕ್ರವಾರ

ಆ ಸ್ಕ್ರೀನ್‌ಶಾಟ್ ಯಾರೋ ತಿದ್ದಿ ಹರಿಬಿಟ್ಟಿದ್ದು ಎಂದು ಸಿಬಿಐ ಕಂಡುಕೊಂಡ ಸುದ್ದಿ ಪೇಪರಿನಲ್ಲಿದೆ. ಓದಿ ಮಡಚಿಟ್ಟೆ. ಸಿಟ್ಟಿಗೂ ಬಿಡುವು ಬೇಕು.

ಸ್ಟಾಫ್ ರೂಮಿನಲ್ಲಿ ಕಾನೂನಿನ ಮಾತು ಬಂತು. ಇತಿಹಾಸದ ಮೇಡಂ ಇಂಥದ್ದನ್ನೆಲ್ಲ ಓದಿಕೊಂಡಿರುತ್ತಾರೆ. ಅವರು ಹೇಳಿದ್ದನ್ನು ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆಯಿತು. ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ, 50 ಮಂದಿ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ. 2021ರಿಂದ ರಾಜ್ಯ ಸರ್ಕಾರದ ಮಹಿಳಾ ನೌಕರರಿಗೆ 180 ದಿನ ಶಿಶುಪಾಲನಾ ರಜೆಯೂ ಇದೆ. ಗುತ್ತಿಗೆ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಸಿಗಬೇಕು ಎಂದು ದೆಹಲಿಯ ಗುತ್ತಿಗೆ ವೈದ್ಯೆಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಆಗಸ್ಟಿನಲ್ಲಿ ಹೇಳಿದೆ.

"ಹಂಗಾದ್ರ ನಾವು ಕೇಳಬಹುದಲ್ರೀ?" ಅಂದೆ.

"ಕೇಳಬಹುದು. ಮುಂದಿನ ವರ್ಷದ ಪಟ್ಟಿಯೊಳಗ ಹೆಸರ ಇದ್ದರ" ಎಂದರು. ಅವರಿಗೂ ಎರಡು ಮಕ್ಕಳು. ಇಬ್ಬರನ್ನೂ ಬೇಸಿಗೆ ರಜೆಯ ಲೆಕ್ಕ ಹಾಕಿ ಹೆತ್ತವರು. ಅದನ್ನು ಅವರು ಜಂಬದಿಂದಲೇ ಹೇಳಿಕೊಳ್ಳುತ್ತಾರೆ, ನನಗೆ ಕೇಳುವಾಗ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಪಿಎಚ್.ಡಿ.ಯ ನಿಯಮ ಇಷ್ಟು ಬಿಗಿಯಲ್ಲ. ಯುಜಿಸಿಯ 2022ರ ನಿಯಮದಲ್ಲಿ ಹೆಣ್ಣುಮಕ್ಕಳಿಗೆ ಎರಡು ವರ್ಷ ಹೆಚ್ಚಿನ ಸಮಯ ಕೊಡಬಹುದು. ಸಂಶೋಧನೆಯ ಅವಧಿಯಲ್ಲಿ ಹೆರಿಗೆಗೋ ಕೂಸಿನ ಆರೈಕೆಗೋ 240 ದಿನಗಳವರೆಗೆ ರಜೆಯೂ ಉಂಟು. ಒಳ್ಳೆಯದೇ. ಆದರೆ ರಜೆ ಹಾಕಿ ಮನೆಯಲ್ಲಿ ಕೂತರೆ ಪ್ರಬಂಧ ಮುಂದೆ ಹೋಗುವುದಿಲ್ಲ. ಪ್ರಬಂಧ ಬರೆಯಬೇಕಾದರೆ ಕೂಸನ್ನು ಯಾರಾದರೂ ಹಿಡಿಯಬೇಕು. ಆ ಕೈಗಳ ಬಗ್ಗೆ ನಿಯಮದಲ್ಲಿ ಒಂದು ಸಾಲೂ ಇಲ್ಲ.

28 ಜುಲೈ, ಭಾನುವಾರ. ಗೋಕಾಕ

ಹೊಳೆ ಬಂದಿದೆ. ಲೋಳಸೂರ ಸೇತುವೆ ನೀರಿನಲ್ಲಿ ಮುಳುಗಿದೆ. ಹಿಡಕಲ್ಲಿನಿಂದ ಬಿಡುವ ನೀರು, ಅದರ ಮೇಲೆ ಮಾರ್ಕಂಡೇಯ ನದಿ. ಊರಿನ ಕೆಳಗಿನ ಭಾಗದ ಜನ ಗಂಟು ಮೂಟೆ ಕಟ್ಟಿಕೊಂಡು ಕಾಳಜಿ ಕೇಂದ್ರಕ್ಕೆ ಹೋಗುತ್ತಿದ್ದಾರೆ. 2019ರ ಆಗಸ್ಟನ್ನು ಕಂಡವರು ಈ ಸಲ ನೀರು ಬರುವ ಮೊದಲೇ ಎದ್ದಿದ್ದಾರೆ.

ಕೂಸು ಹೊಳೆಯ ಆ ಕಡೆ, ಮೂಡಲಗಿಯಲ್ಲಿ. ನಾನು ಈ ಕಡೆ. ಪ್ರಬಂಧದ ಎರಡನೇ ಅಧ್ಯಾಯ ಮುಗಿಸಬೇಕೆಂದು ನಾನೇ ಶುಕ್ರವಾರ ಬೆಳಿಗ್ಗೆ ಬಿಟ್ಟು ಬಂದದ್ದು. ಅತ್ತಿ ವಿಡಿಯೋ ಕಾಲ್ ಮಾಡಿ ಫೋನನ್ನು ಕೂಸಿನ ಕೈಗೆ ಕೊಟ್ಟರು. ಅವಳು ಎಮ್ಮೆಯ ಕರುವನ್ನು ತೋರಿಸಿದಳು, ಅದರ ಕಿವಿ, ಬಾಲ, ಸಗಣಿ. ನನ್ನನ್ನು ಏನೂ ಕೇಳಲಿಲ್ಲ. ಕೆಳಗಿನ ಮನೆಯ ಕಾಕು ಮೆಟ್ಟಿಲಲ್ಲಿ ನಿಂತು, "ಕೂಸಿನ್ನ ಯಾರ ಕಡೆ ಬಿಟ್ಟ ಬಂದಿ? ಇಂಥಾ ಹೊತ್ತಿನ್ಯಾಗ?" ಎಂದರು. ಇವರೂ ಇಲ್ಲೇ ಖೋಲಿಯಲ್ಲಿ ಇದ್ದರು, ಅದೇ ಮೆಟ್ಟಿಲು ಇಳಿದು ನೀರು ನೋಡಲು ಹೋದರು. ಅವರನ್ನು ಕೇಳಲಿಲ್ಲ. ಇದನ್ನು ಬರೆದು ಪ್ರಯೋಜನವಿಲ್ಲ. ಇದು ಎಲ್ಲರಿಗೂ ಗೊತ್ತಿದ್ದದ್ದೇ.

ಅಧ್ಯಾಯದ ಆರು ಪುಟ ಆಯಿತು. ಮನೆಯಲ್ಲಿ ಕೂಸಿಲ್ಲದ್ದರಿಂದ ಆಯಿತು.

11 ಆಗಸ್ಟ್, ಭಾನುವಾರ. ಮೂಡಲಗಿ

ಇವತ್ತು ಕುಲಗೋಡದ ಆಚೆಯ ಒಂದು ಹಳ್ಳಿಗೆ ಹೋಗಿದ್ದೆ. ನನ್ನ ಪ್ರಬಂಧದ ವಿಷಯವಾದ ಶ್ರೀಕೃಷ್ಣ ಪಾರಿಜಾತ ಆಟದ ಹಳೆಯ ಕಲಾವಿದೆಯೊಬ್ಬರನ್ನು ಕಾಣಲು. ಹೆಸರು ಹಾಕಬೇಡ ಎಂದಿದ್ದಾರೆ, ಪ್ರಬಂಧದಲ್ಲೂ ಹಾಕುವುದಿಲ್ಲ.

ಈ ಸೀಮೆಯಲ್ಲಿ ಪಾರಿಜಾತದ ಅಧ್ಯಯನ ಮಾಡುವವರು ಎರಡು ಹೆಸರಿನಿಂದ ಶುರು ಮಾಡುತ್ತಾರೆ. ಕುಲಗೋಡ ತಮ್ಮಣ್ಣ ಒಬ್ಬ. ಅಪರಾಳ ತಮ್ಮಣ್ಣನ ಪಾರಿಜಾತವನ್ನು ಆಟಕ್ಕೆ ಒಗ್ಗಿಸಿ ಬೆಳೆಸಿದವನು ಎಂದು ವಿದ್ವಾಂಸರು ಹೇಳುತ್ತಾರೆ. ಇನ್ನೊಂದು ಹೆಸರು ಕೌಜಲಗಿ ನಿಂಗಮ್ಮ. ಆಕೆಯ ಕಂಠದ ಮಾತು ಬಂದರೆ ಮುದುಕರು ಇಂದಿಗೂ ಕೂತಲ್ಲೇ ನೆಟ್ಟಗಾಗುತ್ತಾರೆ. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡುವ ಆಟ ಇದು. ದೊಡ್ಡಾಟದ ಹಾಗೆ ಗಂಡಸರೇ ಸೀರೆ ಉಡುವುದಿಲ್ಲ. ನನಗೆ ಬೇಕಾಗಿದ್ದದ್ದು ಅದೇ. ರಾತ್ರಿಯಿಡೀ ಆಡುವ ಆಟದಲ್ಲಿ ಸತ್ಯಭಾಮೆ, ರುಕ್ಮಿಣಿ, ಗೊಲ್ಲತಿ ಎಲ್ಲರೂ ಹೆಣ್ಣುಮಕ್ಕಳೇ ಆದರೆ, ಅವರ ಕೂಸುಗಳು ಎಲ್ಲಿದ್ದವು?

ನಾನು ಕಂಡ ಆ ಕಲಾವಿದೆ ಅಮ್ಮನಿಗೆ ಈಗ ಎಪ್ಪತ್ತರ ಮೇಲೆ. ಮೊದಲು ಗೊಲ್ಲತಿ, ಆಮೇಲೆ ಸತ್ಯಭಾಮೆ. ಕೇಳಿದ ಕೂಡಲೇ ನಕ್ಕರು. "ಮ್ಯಾಳದವರು ಎಲ್ಲಿ ಹೋದರ ಅಲ್ಲೇ ಕೂಸು. ಬಣ್ಣ ಹಚ್ಚಿಕೊಳ್ಳೂ ಮನಿಯೊಳಗ ಜೋಳಗಿ ಕಟ್ಟಿರತಿದ್ದೆ."

ಅತ್ತರೆ?

"ಅಳತಿತ್ತು. ನಾ ಇಲ್ಲಿ ಕೃಷ್ಣನ ಮ್ಯಾಲ ಸಿಟ್ಟ ಮಾಡಿ ಕುಂತಿರತಿದ್ದೆ. ಪಾರಿಜಾತದ ಹೂ ರುಕ್ಮಿಣಿಗಿ ಕೊಟ್ಟಾನಂತ. ಅಲ್ಲಿ ಅದು ಒದರತಿತ್ತು. ಅದರ ದನಿ ಕೇಳಿದರ ಎದಿ ಹಾಲ ತಾನ ಇಳದು ಕುಬಸ ತೊಯ್ಯತಿತ್ತು. ಸೆರಗ ಹೊಚ್ಚಿಕೊಂಡ ಹಾಡತಿದ್ದೆ. ನಮ್ಮ ಭಾಗವತ ಭಾಳ ಶ್ಯಾಣ್ಯಾ. ಸೆರಗ ನೋಡಿ ತಿಳಕೊಳ್ಳಾಂವ. ನಾ ಒಳಗ ಹೋಗೂದ ತಡ, ದೂತಿ ಕೂಡ ಮಾತ ತಗಿಯಾಂವ. ಊರ ಗೌಡನ ಮಾತ, ಸಾಲದ ಮಾತ, ಅತ್ತಿ ಸೊಸಿ ಮಾತ. ಮಂದಿ ಬಿದ್ದ ಬಿದ್ದ ನಗತಿತ್ತು. ಕೂಸು ಹಾಲ ಕುಡದು ಕಣ್ಣ ಮುಚ್ಚೂತನ ಆ ನಗಿ ನಡೀಬೇಕು. ನಾ ಒಳಗಿಂದ ಕೆಮ್ಮಿದೆ ಅಂದರ ಪೆಟಿಗಿಯಂವ ಸೂರ ಹಿಡಿಯಾಂವ. ಮತ್ತ ನಾ ಸತ್ಯಭಾಮಿ."

ಪೆನ್ನು ಕೆಳಗಿಟ್ಟು ಸುಮ್ಮನೆ ಕೇಳಿದೆ. ರೆಕಾರ್ಡರ್ ನಡೆದಿತ್ತು. ಭಾಗವತ ಮತ್ತು ದೂತಿಯ ಹಾಸ್ಯ ಒಂದು ಊರಿನಲ್ಲಿ ಹತ್ತು ನಿಮಿಷ, ಇನ್ನೊಂದು ಊರಿನಲ್ಲಿ ಮುಕ್ಕಾಲು ತಾಸು ಆಗುವುದು ಯಾಕೆ ಎಂಬ ಪ್ರಶ್ನೆ ನನ್ನ ಮೂರನೇ ಅಧ್ಯಾಯದಲ್ಲಿದೆ. ಪ್ರೇಕ್ಷಕರ ಮರ್ಜಿ, ನಟರ ಸಾಮರ್ಥ್ಯ, ಪಠ್ಯ ಬಾಯಿಂದ ಬಾಯಿಗೆ ಬೆಳೆಯುವ ರೀತಿ, ಇವೆಲ್ಲ ಕಾರಣವೇ. ಇವತ್ತು ಇನ್ನೊಂದನ್ನು ಸೇರಿಸಿದೆ: ಒಳಗೆ ಹಾಲು ಕುಡಿಯುತ್ತಿದ್ದ ಕೂಸು. ಇದನ್ನು ಅಡಿಟಿಪ್ಪಣಿಗೆ ಹಾಕುವುದಿಲ್ಲ, ಅಧ್ಯಾಯದ ನಡುವೆಯೇ ಹಾಕುತ್ತೇನೆ. ಒಬ್ಬರ ಬಾಯಿಂದ ಬಂದದ್ದು, ಇನ್ನೂ ನಾಲ್ಕು ಮೇಳದವರನ್ನು ಕೇಳಬೇಕು ಎಂದು ಮಾರ್ಗದರ್ಶಕರು ಹೇಳುವುದು ಖಂಡಿತ. ಅವರು ಹೇಳುವುದು ಸರಿಯೂ ಹೌದು. ಕೇಳುತ್ತೇನೆ.

ಬರುವಾಗ ಬಸ್ಸಿನಲ್ಲಿ ಯೋಚಿಸುತ್ತಿದ್ದೆ. ಆ ಮೇಳಕ್ಕೆ ಕಾಯ್ದೆ ಇರಲಿಲ್ಲ, ರಜೆ ಇರಲಿಲ್ಲ. ಆ ಹೆಂಗಸರಿಗೆ ಊರಿನವರು ಕೊಟ್ಟ ಮರ್ಯಾದೆಯೂ ಅಷ್ಟಕ್ಕಷ್ಟೇ, ಅದನ್ನು ಚಂದ ಮಾಡಿ ಹೇಳಬಾರದು. "ಆಟ ಛಲೋ ಅನ್ನೂ ಮಂದಿ ಮನಿಯೊಳಗ ನೀರ ಕೊಡಾಕ ಹಿಂದ ಮುಂದ ನೋಡತಿದ್ದರು" ಎಂದು ಅಮ್ಮನೇ ಹೇಳಿದರು. ಆದರೆ ಹಾಲೂಡಿಸುವ ತಾಯಿಗಾಗಿ ಆಟ ಹಿಗ್ಗುತ್ತಿತ್ತು. ನಮ್ಮಲ್ಲಿ ಗಂಟೆ ಹೊಡೆಯುತ್ತದೆ, ಬಯೋಮೆಟ್ರಿಕ್ ಒತ್ತಬೇಕು. ಹತ್ತು ನಿಮಿಷ ತಡವಾದರೆ ನನ್ನ ತರಗತಿಗೆ ಹೋಗಿ ಹುಡುಗರನ್ನು ಕೂಡಿಸಿಕೊಂಡು ಶಾತವಾಹನರಿಂದ ಆಲೂರು ವೆಂಕಟರಾಯರವರೆಗೆ ಏನಾದರೂ ಮಾತಾಡುವವರು ಇತಿಹಾಸದ ಮೇಡಂ ಒಬ್ಬರೇ. ಅವರೇ ನನ್ನ ಭಾಗವತ.

ಹೊರಡುವಾಗ ಅಮ್ಮ ಕೇಳಿದರು, "ನಿನ್ನ ಕೂಸ ಎಲ್ಲೈತಿ?" ಮೂಡಲಗಿಯಲ್ಲಿ ಅತ್ತಿಯ ಹತ್ತಿರ ಎಂದೆ. "ಕರಕೊಂಡ ಬರಬೇಕಿಲ್ಲೇನ ಹುಚ್ಚಿ, ಇಲ್ಲೇ ಆಡತಿತ್ತು." ಯಾರ ಕಡೆ ಬಿಟ್ಟೆ ಎಂದು ಕೇಳದೆ, ಯಾಕೆ ತರಲಿಲ್ಲ ಎಂದು ಕೇಳಿದವರು ಇವರೊಬ್ಬರೇ.

7 ಸೆಪ್ಟೆಂಬರ್, ಶನಿವಾರ. ಗಣೇಶ ಚೌತಿ, ಹುಕ್ಕೇರಿ

ಮರುಪರೀಕ್ಷೆ ಮುಗಿಯಿತು. ಈ ಸಲ ಕಂಪ್ಯೂಟರ್ ಮುಂದೆ. ಆಸೆ ಕಮ್ಮಿ.

ಅವ್ವನ ಮನೆಯ ಕಪಾಟಿನಲ್ಲಿ ಇರಾವತಿ ಕರ್ವೆಯವರ 'ಯುಗಾಂತ'ದ ಕನ್ನಡ ಅನುವಾದ ಸಿಕ್ಕಿತು, ಎಂ.ಎ. ಓದುವಾಗ ಕೊಂಡದ್ದು. ಈ ಗಡಿಯ ಊರಿನಲ್ಲಿ ಪುಣೆ ನಮಗೆ ಬೆಂಗಳೂರಿಗಿಂತ ಹತ್ತಿರ. ಕರ್ವೆ ಆ ಪುಣೆಯವರು: 1930ರಲ್ಲಿ ಬರ್ಲಿನ್ನಿನಲ್ಲಿ ಪಿಎಚ್.ಡಿ., 1939ರಿಂದ ಡೆಕ್ಕನ್ ಕಾಲೇಜು, ಮೂರು ಮಕ್ಕಳು, ಊರೂರು ತಿರುಗಿ ಕ್ಷೇತ್ರಕಾರ್ಯ. ಪುಣೆಯ ರಸ್ತೆಯಲ್ಲಿ ಸ್ಕೂಟರ್ ಓಡಿಸಿದ್ದನ್ನು ಎಲ್ಲರೂ ಬರೆಯುತ್ತಾರೆ. ಮನೆಯ ಕಡೆ ಗಮನ ಕೊಟ್ಟವರು ಬಹಳಷ್ಟು ಗಂಡ ದಿನಕರ ಕರ್ವೆ ಎಂಬುದನ್ನು ಕಡಿಮೆ ಜನ ಬರೆದಿದ್ದಾರೆ. ಆತ ಮಹರ್ಷಿ ಕರ್ವೆಯವರ ಮಗ, ಫರ್ಗ್ಯುಸನ್ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. 1916ರಲ್ಲಿ ಹೆಣ್ಣುಮಕ್ಕಳಿಗಾಗಿ ವಿಶ್ವವಿದ್ಯಾಲಯ ಕಟ್ಟಿದ ಮನೆಗೆ ಸೊಸೆಯಾಗಿ ಹೋದರೆ ಓದು ಸುಲಭ ಎಂದು ಅವ್ವನಿಗೆ ಹೇಳಿದೆ. ಅವಳು ಮೋದಕದ ಹಿಟ್ಟು ನಾದುತ್ತ, "ನಿನ್ನ ಗಂಡಗ ಹೇಳು, ನನಗ್ಯಾಕ ಹೇಳ್ತಿ" ಎಂದಳು.

ಸಂಜೆ ಇವರಿಗೆ ಹೇಳಿದೆ. ಇವರು ಪೂರ್ತಿ ಕೇಳಿಸಿಕೊಂಡರು. "ಅವರಿಗೆ ರಾತ್ರಿ ಪಾಳಿ ಇರಲಿಲ್ಲ" ಎಂದರು. ಅದೂ ಹೌದು.

18 ಅಕ್ಟೋಬರ್, ಶುಕ್ರವಾರ. ಗೋಕಾಕ

ನೆಟ್ ಫಲಿತಾಂಶ ನಿನ್ನೆ ಬಂತು. ಕಟ್‌ಆಫ್ ದಾಟಲಿಲ್ಲ. ಇನ್ನು ಉಳಿದದ್ದು ನವೆಂಬರ್ 24ರ ಕೆಸೆಟ್.

ಕೂಸಿಗೆ ಇಲ್ಲಿನ ಕಟ್ಟಿಗೆಯ ಗೊಂಬೆಗಳು ಬಲು ಇಷ್ಟ. ಬಣ್ಣ ಹಚ್ಚಿದ ಬಾಳೆಹಣ್ಣು, ಸೀತಾಫಲ, ಬದನೆಕಾಯಿ. ಇವತ್ತು ಬದನೆಕಾಯಿಯನ್ನು ಕೌದಿಯೊಳಗೆ ಮಲಗಿಸಿ, ನನ್ನ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು, "ಅಳಬ್ಯಾಡ, ನಾ ಕಾಲೇಜಿಗಿ ಹೋಗಿ ಬಿಸ್ಕೀಟ ತರ್ತೀನಿ" ಎಂದು ಬಾಗಿಲವರೆಗೆ ಹೋದಳು. ಮತ್ತೆ ಮರಳಿ ಬಂದು ಅದಕ್ಕೆ ಬಯ್ದಳು. ನಾನು ನಕ್ಕೆ. ಇಂಥದ್ದನ್ನು ಕಂಡು ಅತ್ತುಬಿಟ್ಟೆ ಎಂದು ಬರೆಯುವ ತಾಯಂದಿರ ಮೇಲೆ ನನಗೆ ನಂಬಿಕೆ ಕಮ್ಮಿ. ಅವಳು ಆಟ ಆಡುತ್ತಿದ್ದಳು, ಅದೂ ಬಲು ಚೆನ್ನಾಗಿ.

ಕಳೆದ ವಾರ ಕ್ಷೇತ್ರಕಾರ್ಯಕ್ಕೆ ಹೋದ ಹಳ್ಳಿಯಲ್ಲಿ 'ಕೂಸಿನ ಮನೆ' ನೋಡಿದೆ. 2023ರಲ್ಲಿ ಸರ್ಕಾರ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ತೆರೆಯುವುದಾಗಿ ಹೇಳಿದ ಯೋಜನೆ. ಮುಖ್ಯವಾಗಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ. ಗೋಡೆಯ ಮೇಲೆ ಆನೆ, ಗಿಳಿ, ಒಂದು ಚಾಪೆ. ಕಬ್ಬು ಕಡಿಯುವ ಗ್ಯಾಂಗಿನ ಹೆಂಗಸರು ಟ್ರ್ಯಾಕ್ಟರ್ ಟ್ರೇಲರಿನ ಕೆಳಗೆ ಜೋಳಿಗೆ ಕಟ್ಟಿ ಕೂಸು ಮಲಗಿಸುವುದನ್ನು ಪ್ರತಿ ಹಂಗಾಮಿನಲ್ಲೂ ಕಾಣುತ್ತೇವೆ. ಮಹಾರಾಷ್ಟ್ರದಿಂದ ಬರುವ ಅವರು ಖಾತ್ರಿ ಕೂಲಿಗಳಲ್ಲ, ಅವರ ಕೂಸು ಈ ಚಾಪೆಯವರೆಗೆ ಬರುವುದಿಲ್ಲ. ಅವರ ಮುಂದೆ ನನ್ನ ಕಷ್ಟಕ್ಕೆ ಫ್ಯಾನಿನ ಗಾಳಿಯಿದೆ, ಇಬ್ಬರು ಅಜ್ಜಿಯರಿದ್ದಾರೆ. ಅದು ಗೊತ್ತಿದ್ದೂ ನನ್ನ ಕಷ್ಟ ನನಗೆ ಕಷ್ಟವೇ.

10 ನವೆಂಬರ್, ಭಾನುವಾರ

ಕಾರ್ಖಾನೆಯ ಹಂಗಾಮು ಶುರು. ಇನ್ನು ಫೆಬ್ರುವರಿ ದಾಟುವವರೆಗೆ ಇವರಿಗೆ ರಜೆ ಕೇಳುವಂತಿಲ್ಲ. ರಸದ ಸಕ್ಕರೆಯಂಶ (ಬ್ರಿಕ್ಸ್) ನೋಡಲು ರಾತ್ರಿ ಎರಡಕ್ಕೂ ಎದ್ದು ನಿಂತಿರಬೇಕು. ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರು, ಹಾಡು ಹಚ್ಚಿಕೊಂಡು.

24ಕ್ಕೆ ಕೂಸು ಎಲ್ಲಿ? ಮೂಡಲಗಿಯಲ್ಲಿ ಅತ್ತಿಯವರಿಗೆ ಕಣ್ಣಿನ ಪೊರೆಯ ಆಪರೇಶನ್ ಆಗಿದೆ, ಹೊಗೆ ಧೂಳು ಕೂಡದು. ಹುಕ್ಕೇರಿಯಲ್ಲಿ ಅವ್ವನಿಗೆ ಮೊಣಕಾಲು. "ನಾನ ಗೋಕಾಕಕ್ಕ ಬರತೇನ ತಗೋ" ಅಂದಿದ್ದಾಳೆ. ಖೋಲಿ ಎರಡನೇ ಮಾಳಿಗೆಯಲ್ಲಿ. ಮೆಟ್ಟಿಲ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

24 ನವೆಂಬರ್, ಭಾನುವಾರ. ರಾತ್ರಿ

ಬೆಳಿಗ್ಗೆ ಕತ್ತಲಲ್ಲೇ ಬಸ್ಸು ಹಿಡಿದೆ. ಅವ್ವ ಅದಕ್ಕೂ ಮೊದಲೇ ಎದ್ದು ರೊಟ್ಟಿ ಬಡಿದಿದ್ದಳು. ಹತ್ತರಿಂದ ಒಂದು, ಎರಡೂ ಪತ್ರಿಕೆ ಒಟ್ಟಿಗೆ. ಮೊದಲ ಪತ್ರಿಕೆಗೆ ಈ ಸಲ ಇತಿಹಾಸದ ಮೇಡಂ ಲೆಕ್ಕ ಕಲಿಸಿದ್ದರು, ಸ್ಟಾಫ್ ರೂಮಿನಲ್ಲಿ, ಊಟದ ಡಬ್ಬಿಯ ಪಕ್ಕ. ಕನ್ನಡದ ಪತ್ರಿಕೆಯಲ್ಲಿ ಜಾನಪದ ರಂಗಭೂಮಿಯ ಪ್ರಶ್ನೆಗೆ ಬಂದಾಗ ಕೈ ತಾನೇ ಓಡಿತು. ನೂರು ಪ್ರಶ್ನೆಯಲ್ಲಿ ಒಂದೆರಡು, ಅಷ್ಟರಿಂದ ಏನೂ ತೀರ್ಮಾನವಾಗುವುದಿಲ್ಲ. ಈ ಸಲ ಆದೀತು ಅನ್ನಿಸುತ್ತದೆ. ಆಗದಿದ್ದರೂ ಪ್ರಬಂಧ ಇದೆ.

ಮರಳುವಾಗ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಕಿಲೋ ಕರದಂಟು ಕೊಂಡೆ. ಬಾಣಂತನದಲ್ಲಿ ಅವ್ವ ಕಟ್ಟಿಕೊಟ್ಟ ಅಂಟಿನುಂಡಿಯಲ್ಲಿ ಇದ್ದದ್ದೂ ಇದೇ ಅಂಟು, ಇದೇ ಕೊಬ್ಬರಿ, ಬೆಲ್ಲ. ಅಂಗಡಿಯದಕ್ಕೆ ಬಾದಾಮಿ ಜಾಸ್ತಿ ಅಷ್ಟೆ.

25 ನವೆಂಬರ್, ಸೋಮವಾರ

ಅವ್ವ ಬೆಳಿಗ್ಗೆ ನನ್ನ ಪ್ರಬಂಧದ ಹಾಳೆಗಳನ್ನು ಕೂಸಿನ ಕೈಗೆ ಸಿಗದ ಹಾಗೆ ಮೇಲೆ ಎತ್ತಿಡುತ್ತ ಕೇಳಿದಳು: "ಇದರಾಗ ಆ ಪಾರಿಜಾತದಾಕಿ ಕೂಸಿಂದೂ ಬರದೀ ಅಂತಲ್ಲ?"

"ಬರದೇನಿ."

"ನಂದು?"

ಕೊನೆಗೆ ಕೃತಜ್ಞತೆ ಅಂತ ಒಂದು ಪುಟ ಇರುತ್ತದೆ, ಅಲ್ಲಿ ನಿನ್ನ ಹೆಸರು, ಅತ್ತಿಯ ಹೆಸರು ಎರಡೂ ಬರುತ್ತವೆ ಎಂದೆ.

"ಅದನ್ನ ಓದಾವರ್ಯಾರು" ಅಂದಳು. ಸಿಟ್ಟಿರಲಿಲ್ಲ. ಹಾಳೆಯ ಕಟ್ಟಿನ ಮೇಲೆ ಹಿಟ್ಟಿನ ಡಬ್ಬಿ ಇಟ್ಟಳು, ಹಾರಬಾರದೆಂದು. "ಪುಟ ಬ್ಯಾಡ. ಈ ಶನಿವಾರ ಸಂಕೇಶ್ವರದಾಗ ನಿಮ್ಮ ಚಿಕ್ಕವ್ವನ ಮಗಳ ಕುಬಸ ಐತಿ. ನಾ ಹೋಗಾಕಿ. ಎರಡ ದಿನ ಇದ್ದ ಬರತೇನ. ಕೂಸಿನ್ನ ನೀನ ನೋಡ್ಕೋ."

ಶನಿವಾರ ಮೂರು ತಾಸು ಪಾಠ, ಅದರಲ್ಲಿ ಒಂದು ಆಂತರಿಕ ಪರೀಕ್ಷೆ. ಇವರಿಗೆ ಮೊದಲ ಪಾಳಿ. ಅತ್ತಿಯ ಕಣ್ಣಿಗೆ ಇನ್ನೂ ಕಪ್ಪು ಕನ್ನಡಕ. ಆಗಲಿ, ಹೋಗಿ ಬಾ ಎಂದೆ.

ಎರಡು ತಾಸು ಇತಿಹಾಸದ ಮೇಡಂ ಹಿಡಿಯುತ್ತಾರೆ, ಮಾತಾಡಿದ್ದೇನೆ. ಆಂತರಿಕ ಪರೀಕ್ಷೆಯ ತಾಸಿಗೆ ಕೂಸನ್ನು ತರಗತಿಗೇ ಕರೆದುಕೊಂಡು ಹೋಗುವುದು, ಬದನೆಕಾಯಿ ಸಮೇತ. ಹಿಂದಿನ ಬೆಂಚಿನ ಹುಡುಗಿಯರಲ್ಲಿ ಬರೆದು ಮುಗಿಸಿದವರು ಎತ್ತಿಕೊಳ್ಳುತ್ತಾರೆ. ಪ್ರಾಂಶುಪಾಲರನ್ನು ಮೊದಲೇ ಕೇಳುವುದಿಲ್ಲ.